ಅಪ್ಪನ ಬೆರಳು ಕಲಿತ ಪೌಂಡು

ಅಕ್ಕ ನರ್ಸಾಗಿ ಇಂಗ್ಲೆಂಡಿಗೆ ಹೋಗಿ ಎರಡು ವರ್ಷವಾಗಿತ್ತು. ವಿಮಾನ ನಿಲ್ದಾಣದ ಹತ್ತಿರದ ಕಾವೂರಿನ ಮನೆಯಲ್ಲಿ ಉಳಿದವರು ಅಪ್ಪ ಮತ್ತು ನಾನು. ಅಪ್ಪ ಆಯುಷ್ಯವಿಡೀ ಸಿಟಿ ಬಸ್ಸಿನ ಕಂಡಕ್ಟರ್ ಆಗಿದ್ದವರು. ಕೆಲಸ ಬಿಟ್ಟ ಮೇಲೆ ಗ್ಲಾಕೋಮಾದಿಂದ ಅವರ ದೃಷ್ಟಿ ಹೆಚ್ಚುಕಡಿಮೆ ಪೂರ್ತಿ ಹೋಯಿತು. ಅಕ್ಕ ವಿಡಿಯೋ ಕಾಲ್ ಮಾಡಿದರೂ ಅವರಿಗೆ ಸಿಗುತ್ತಿದ್ದದ್ದು ಧ್ವನಿ ಮಾತ್ರ. ಅವಳು ಸೊರಗಿದ್ದಾಳೆಯೇ ಎಂದು ಆಮೇಲೆ ನನ್ನನ್ನು ಮೆಲ್ಲಗೆ ವಿಚಾರಿಸುತ್ತಿದ್ದರು.

ಅವಳು ಮೊದಲ ಸಲ ರಜೆಗೆ ಬರುವಾಗ, ಅಲ್ಲಿಯ ಚಿಲ್ಲರೆ ಒಂದೊಂದು ತರಲು ಅಪ್ಪ ಹೇಳಿದ್ದರು. ಚಾವಡಿಯಲ್ಲಿ ಕುಳಿತು ಅಕ್ಕ ನಾಣ್ಯಗಳನ್ನು ಒಂದೊಂದಾಗಿ ಅವರ ಅಂಗೈಯಲ್ಲಿಟ್ಟಳು. ನೂರು ಪೆನ್ಸಿಗೆ ಒಂದು ಪೌಂಡು. ಒಂದೇ ಇದ್ದರೆ ಪೆನ್ನಿ, ಹೆಚ್ಚಿದ್ದರೆ ಪೆನ್ಸ್. ಅಂಚು ನುಣ್ಣಗಿರುವ ದುಂಡನೆಯವುಗಳಲ್ಲಿ ಸಣ್ಣದು ಪೆನ್ನಿ, ದೊಡ್ಡದು ಎರಡು ಪೆನ್ಸ್. ತೀರಾ ಸಣ್ಣದು ಐದು ಪೆನ್ಸ್. ಇಪ್ಪತ್ತಕ್ಕೂ ಐವತ್ತಕ್ಕೂ ಏಳು ಮೂಲೆ, ಪೌಂಡಿಗೆ ಹನ್ನೆರಡು.

ಅಪ್ಪ ಎರಡು ನಾಣ್ಯಗಳನ್ನು ಮತ್ತೆ ಮತ್ತೆ ಸವರಿದರು. "ಇದೆಂತ ಮಾರಾಯ್ತಿ, ಎರಡು ಪೆನ್ಸ್ ದೊಡ್ಡದು, ಹತ್ತು ಪೆನ್ಸ್ ಸಣ್ಣದು?"

ಅಲ್ಲಿಯ ಹಳೆಯ ಲೆಕ್ಕ ಇನ್ನೂ ವಿಚಿತ್ರ ಎಂದಳು ಅಕ್ಕ. ಅವಳ ವಾರ್ಡಿನ ಅಜ್ಜಿಯೊಬ್ಬರು ಹೇಳಿದ್ದಂತೆ, ಹಿಂದೆ ಅಲ್ಲಿ ಹನ್ನೆರಡು ಪೆನ್ಸಿಗೆ ಒಂದು ಶಿಲ್ಲಿಂಗ್, ಇಪ್ಪತ್ತು ಶಿಲ್ಲಿಂಗಿಗೆ ಒಂದು ಪೌಂಡು. ಅಪ್ಪನಿಗೆ ಖುಷಿಯಾಯಿತು. ಚಿಕ್ಕವರಿದ್ದಾಗ ಅವರೂ ರೂಪಾಯಿಗೆ ಹದಿನಾರು ಆಣೆ ಎಂದು ಬಾಯಿಪಾಠ ಮಾಡಿದ್ದರಂತೆ.

ಎರಡೇ ದಿನದಲ್ಲಿ ಎಲ್ಲವೂ ಅವರ ಬೆರಳಿಗೆ ಬಂತು. ಹೊರಡುವ ದಿನ ಅಕ್ಕ, ಅಪ್ಪನನ್ನು ಮೂರು ತಿಂಗಳ ಮಟ್ಟಿಗೆ ಕರೆಸಿಕೊಳ್ಳುತ್ತೇನೆ ಎಂದಳು. ಈ ಕಣ್ಣಿನಲ್ಲಿ ಬಂದು ಎಂತ ನೋಡುವುದು ಎಂದರು ಅಪ್ಪ.

"ನೋಡ್ಲಿಕ್ಕೆ ಅಲ್ಲ ಅಪ್ಪ. ಡ್ಯೂಟಿ ಮುಗಿಸಿ ಬರುವಾಗ ಮನೆಯಲ್ಲಿ ಒಬ್ರು ಇರ್ಬೇಕು, ಅಷ್ಟೇ."

ಅಪ್ಪ ಆಮೇಲೆ ಬೇಡವೆನ್ನಲಿಲ್ಲ. ಅವಳ ವಿಮಾನ ನಮ್ಮ ಮನೆಯ ಮೇಲಿನಿಂದಲೇ ಹಾರಿತು. ಸದ್ದು ಅಡಗುವವರೆಗೂ ಅವರು ಅಂಗಳದಲ್ಲೇ ನಿಂತಿದ್ದರು.

ವೀಸಾ ಬರಲು ಏಳೆಂಟು ತಿಂಗಳು ಹಿಡಿಯಿತು. ಅಲ್ಲಿ ಬಸ್ಸಿನಲ್ಲಿ ಕಂಡಕ್ಟರ್ ಇಲ್ಲ, ಚಿಲ್ಲರೆ ಕೊಡುವವರೇ ಅಪರೂಪ, ಹೆಚ್ಚಿನವರು ಕಾರ್ಡ್ ತೋರಿಸಿ ಹತ್ತುತ್ತಾರೆ ಎಂದು ಅಕ್ಕ ನನಗೆ ಮಾತ್ರ ಹೇಳಿದ್ದಳು. ಅಪ್ಪ ದಿನವೂ ಅವಳ ಆಸ್ಪತ್ರೆಗೆ ಟಿಕೆಟ್ ಎಷ್ಟು ಎಂದು ಲೆಕ್ಕ ಹಾಕುತ್ತಿದ್ದರು. ನನಗೆ ಹೇಳಲು ಬಾಯಿ ಬರಲಿಲ್ಲ.

ವಿಮಾನದವರ ಸಹಾಯದಲ್ಲಿ ಅಪ್ಪ ಒಬ್ಬರೇ ಹೋದರು; ಎರಡನೆಯ ವಾರ ಫೋನ್ ಬಂತು. ಅಕ್ಕನ ಜೊತೆ ಬಸ್ ಹತ್ತಿದ ಅಪ್ಪ ಡ್ರೈವರನ ಎದುರು ನಿಂತು, ಜೇಬಿನೊಳಗೇ ತಡವಿ, ಸರಿಯಾದ ಚಿಲ್ಲರೆ ತೆಗೆದು ಕೊಟ್ಟಿದ್ದರು. ಹಿಂದೆ ಸಾಲು ನಿಂತಿತ್ತು, ಯಾರೂ ಗೊಣಗಲಿಲ್ಲವಂತೆ. "ಟಿಕೆಟ್ ಕೊಟ್ಟ," ಎಂದರು ಅಪ್ಪ. "ಜೀವನದಲ್ಲಿ ನಾನು ಟಿಕೆಟ್ ತೆಗೊಂಡದ್ದೇ ಕಡಿಮೆ." ಹಿಂದಿನಿಂದ ಅಕ್ಕ ನಗುವುದು ಕೇಳಿಸಿತು. ಎಷ್ಟೋ ಕಾಲದ ನಂತರ ಅವಳು ಹಾಗೆ ನಕ್ಕಿದ್ದಳು. ನಾನೊಬ್ಬಳೇ ಇಲ್ಲಿದ್ದೆ. ಒಬ್ಬಳಿಗೆಂದು ಗಂಜಿ ಬೇಯಿಸುವ ಅಳತೆ ನನಗೆ ಕೊನೆಗೂ ಹಿಡಿತಕ್ಕೆ ಸಿಗಲಿಲ್ಲ.

ಮೂರು ತಿಂಗಳು ಕಳೆದು ಅಪ್ಪ ಮರಳಿದರು. ಮೊದಲ ಕೆಲವು ದಿನ ಬೆಳಿಗ್ಗೆ ಎದ್ದವರೇ ಅಕ್ಕನ ಹೆಸರು ಹಿಡಿದು ಚಹಾ ಕೇಳುತ್ತಿದ್ದರು. ನಾನು ತಿದ್ದಲಿಲ್ಲ. ಆ ಹೆಸರು ಮನೆಯಲ್ಲಿ ಕೇಳಿಸಲಿ ಎಂದು ನನಗೂ ಇತ್ತು.