ಬಿಡೂ ಕಡೆ ನೋಡಿ ತಿರುಗು

ಹುನಗುಂದದ ಯುವರಾಜ ಹುಟ್ಟಿದ್ದೇ ಬಸ್ಸಿನಲ್ಲಿ. ಅವನ ತಾಯಿ ಕೆರೂರ ಸಂತೆ ಮುಗಿಸಿಕೊಂಡು ಬರುವಾಗ, ಬಾಗಲಕೋಟೆ ಇನ್ನೂ ದೂರವಿರುವಾಗಲೇ ನೋವು ಶುರುವಾಯಿತು. ಹೆಂಗಸರೆಲ್ಲ ಸೆರಗು ಅಡ್ಡ ಹಿಡಿದರು, ಕಂಡಕ್ಟರು ಗಂಡಸರನ್ನು ಕೆಳಗಿಳಿಸಿ ಬಿಸಿಲಲ್ಲಿ ನಿಲ್ಲಿಸಿದ, ಡ್ರೈವರು ಮಾತ್ರ ಹಿಂದೆ ತಿರುಗಿ ನೋಡಬಾರದೆಂದು ಸ್ಟೇರಿಂಗ್ ಹಿಡಿದುಕೊಂಡೇ ಕೂತಿದ್ದನಂತೆ. ಅದಕ್ಕೇ ಇವನು ಕೂತಲ್ಲಿ ಕೂಡುವ ಜೀವವಲ್ಲ ಎಂದು ಮನೆಯವರು ಅನ್ನುತ್ತಿದ್ದರು. ಉಣ್ಣಲು ಕೂತರೂ ಬಲಗಾಲು ಕುಣಿಯುತ್ತಿತ್ತು. ಕಾಲು ಕುಣಿಸಿದರೆ ಲಕ್ಷ್ಮಿ ಮನೆ ಬಿಟ್ಟು ಹೋಗುತ್ತಾಳೆಂದು ತಾಯಿ ತೊಡೆಗೆ ಹೊಡೆದು ಹೊಡೆದು ಸಾಕಾದಳು. ಬಂದಿದ್ದರೆ ತಾನೇ ಹೋಗುವುದು. ಈಗ ಅದೇ ಕುಣಿಯುವ ಕಾಲಿನ ಮೇಲೆ ಅವನ ಮಗಳು ಪ್ರಿಯದರ್ಶಿನಿ ಕುದುರೆ ಹತ್ತಿ ಕೂಡುತ್ತಾಳೆ. ಅವಳಿಗೆ ಬೇರೆ ಆಟಿಕೆ ಬೇಕಿಲ್ಲ.

ಅವನ ಕಾಲಿಗೆ ಸರಿಯಾದ ಕೆಲಸ ಕೊಟ್ಟವರು ಕೆರೂರಿನ ಇಬ್ರಾಹಿಂಸಾಬರು. ಅವರದೊಂದು ಹಾರ್ವೆಸ್ಟರ್ ಇತ್ತು. ಗೋದಿ, ಕಡಲೆ ಕೊಯ್ದು ಹೊಲದಲ್ಲೇ ಕಾಳು ಮಾಡಿ ಸುರಿಯುವ, ಮನೆಯಷ್ಟು ಎತ್ತರದ ಯಂತ್ರ. ಅದರ ರೀತಿಯೇ ಬೇರೆ. ನಾವು ಕಂಡ ಗಾಡಿಗಳಲ್ಲೆಲ್ಲ ಸ್ಟೇರಿಂಗ್ ತಿರುವಿದರೆ ಮುಂದಿನ ಗಾಲಿ ಹೊರಳುತ್ತವೆ. ಹಾರ್ವೆಸ್ಟರಿನಲ್ಲಿ ಮುಂದಿನ ದೊಡ್ಡ ಗಾಲಿ ಭಾರ ಹೊತ್ತು ನೆಟ್ಟಗೆ ಇರುತ್ತವೆ, ಹೊರಳುವುದು ಹಿಂದಿನ ಸಣ್ಣವು. ಹೀಗಾಗಿ ಮೂತಿ ಬಲಕ್ಕೆ ಹೋದರೆ ಬಾಲ ಎಡಕ್ಕೆ ಬೀಸುತ್ತದೆ. ಕಲಿಯುವ ದಿನಗಳಲ್ಲಿ ಯುವರಾಜ ಒಂದು ಬಣವೆ ಕೆಡವಿದ. ಆಮೇಲೆ ಒಬ್ಬರ ಬಚ್ಚಲ ಗೋಡೆ. ಒಳಗೆ ಮೈ ತೊಳೆಯುತ್ತಿದ್ದ ಮುದುಕ ತಂಬಿಗೆ ಎತ್ತಿ ಹಿಡಿದವನು ಹಾಗೇ ನಿಂತಿದ್ದ, ಪಾಪ, ನೀರು ಸುರಿದುಕೊಳ್ಳಬೇಕೋ ಓಡಬೇಕೋ ತಿಳಿಯದೆ.

“ಲೇ ಯುವರಾಜ,” ಎಂದರು ಇಬ್ರಾಹಿಂಸಾಬರು, ಬೈಯಲಿಲ್ಲ, “ಹೋಗೂ ಕಡೆ ಎಲ್ಲಾರೂ ನೋಡ್ತಾರ. ಇದರ ಮ್ಯಾಲ ಕುಂತಾಂವ ಬಿಡೂ ಕಡೆ ನೋಡಿ ತಿರಗಬೇಕು. ಬಾಲ ಬಡಿಯೂದು ಅಲ್ಲೇ.”

ಯಂತ್ರದ ಮೇಲೆ ಅದನ್ನು ಚೆನ್ನಾಗಿ ಕಲಿತ. ಮನೆಯಲ್ಲಿ ಕಲಿಯಲಿಲ್ಲ.

ಕಸ್ತೂರಿ ಅವನಿಗೆ ಅಕ್ಕನ ಮಗಳು. ಹುಟ್ಟಿದಾಗಿನಿಂದ ಮಾಮಾ ಎಂದವಳು ಮದುವೆಯಾದ ಮೇಲೂ ಮಾಮಾ ಎಂದೇ ಕರೆದಳು. ಇಳಕಲ್ಲಿನಲ್ಲಿ ಬಾಡಿಗೆ ಮನೆ ಹಿಡಿದು ಸೀರೆಗಳಿಗೆ ಕುಚ್ಚು ಕಟ್ಟುತ್ತಾಳೆ. ಅವಳ ಬೆರಳು ಓಡುವುದನ್ನು ನೋಡಬೇಕು, ಮಾತಾಡುತ್ತ ಮಾತಾಡುತ್ತಲೇ ಒಂದು ಸೆರಗು ಮುಗಿದಿರುತ್ತದೆ. ಸುಗ್ಗಿ ಹತ್ತಿರ ಬಂದಿತೆಂದರೆ ಯುವರಾಜ ಒಂದು ಸಂಜೆ ಅಮೀನಗಡದ ಕರದಂಟಿನ ಡಬ್ಬಿ ತಂದು ಮುಂದಿಡುತ್ತಿದ್ದ. ಯಾಕೆಂದು ಕೇಳಿದರೆ, ಸುಮ್ಮನ, ಅನ್ನುತ್ತಿದ್ದ. ಮರುದಿನ ಹುನಗುಂದಕ್ಕೆ ಹೋಗಿ ಬರುತ್ತೇನೆಂದು ಹೊರಟವನು ಕೆರೂರನ್ನೂ ದಾಟಿ ಕುಳಗೇರಿ ಕ್ರಾಸಿನಲ್ಲಿ ಚಹಾ ಕುಡಿದು ಫೋನ್ ಮಾಡುತ್ತಿದ್ದ: “ಕಸ್ತೂರಿ, ಹಾರ್ವೆಸ್ಟರ ಮ್ಯಾಲ ಹೊಂಟೇನಿ.” ಯಾವಾಗ ಬರುವುದು ಎಂದು ಕೇಳುವಷ್ಟರಲ್ಲಿ ಫೋನ್ ಇಟ್ಟಿರುತ್ತಿದ್ದ. ಹೋದ ಸಲ ಮಗಳು ಹೊಸ ಪಾಟಿಚೀಲ ಹೆಗಲಿಗೆ ಹಾಕಿಕೊಂಡು, ಅಪ್ಪ ಬಂದರೇ ಬಾಲವಾಡಿಗೆ ಹೋಗುವವಳೆಂದು ಹೊಸ್ತಿಲ ಮೇಲೆ ಮಧ್ಯಾಹ್ನದ ತನಕ ಕೂತಳು.

ಆ ಸಲ ಅವನು ಮರಳಿದಾಗ ಕಸ್ತೂರಿ ಕುಚ್ಚು ಕಟ್ಟುವುದನ್ನು ನಿಲ್ಲಿಸದೆ ಹೇಳಿದಳು. “ಮಾಮಾ, ಇನ್ನೊಮ್ಮಿ ಕುಳಗೇರಿ ಕ್ರಾಸಿನಿಂದ ಫೋನ ಬಂತಂದ್ರ ನಾ ಕೂಸಿನ್ನ ಕರ್ಕೊಂಡು ಅವ್ವನ ಮನಿಗೆ ಹೋಗ್ತೇನಿ. ನಮ್ಮವ್ವ ನಿನಗ ಅಕ್ಕ. ಆ ಮನಿಗೆ ಬಂದು ಹೆಂಗ ಮಾರಿ ತೋರಸ್ತಿ, ತೋರಸು.”

ಹೀಗೆ ಹೇಳಿದ ಮೇಲೆಯೇ ಅವನು ಒಂದು ಕಡೆ ನಿಲ್ಲುವ ಕೆಲಸ ಹುಡುಕಿದ್ದು. ಇಳಕಲ್ಲಿನ ಕೆಂಪು ಕಲ್ಲಿನ ವ್ಯಾಪಾರದ ಮನೆಯ ಹುಡುಗ ಗೌತಮ ಪುಣೆಯಿಂದ ಒಂದು ಹಳೆಯ ವಿದೇಶಿ ಸ್ಪೋರ್ಟ್ಸ್ ಕಾರು ತಂದಿದ್ದ. ಎರಡೇ ಸೀಟು, ಗಿಣಿಹಸಿರು ಬಣ್ಣ, ನೆಲಕ್ಕೆ ಹೊಟ್ಟೆ ಹಚ್ಚಿ ಕೂತಂತೆ ಕಾಣುತ್ತಿತ್ತು. ಊರ ಹುಡುಗರು ಅದಕ್ಕೆ ಕಪ್ಪೆಗಾಡಿ ಎಂದು ಹೆಸರಿಟ್ಟರು. ಆ ಕಾರಿಗೆ ಡ್ರೈವರ್ ಬೇಕೆಂದಾಗ ಊರೆಲ್ಲ ನಕ್ಕಿತು. ಎರಡು ಸೀಟಿನಲ್ಲಿ ಒಂದನ್ನು ಡ್ರೈವರಿಗೆ ಕೊಟ್ಟು ಸಾಹುಕಾರ ಹೊಸ ಮದುಮಗಳಂತೆ ಪಕ್ಕದಲ್ಲಿ ಕೂಡುವುದೆಂದರೇನು.

“ನನಗ ಬಾಜೂಕ ಕುಂತು ಇಂಜಿನ್ ಸಪ್ಪಳ ಕೇಳೂದು ಚೊಲೊ ಅನಸ್ತೈತಿ, ಯುವರಾಜಣ್ಣ,” ಎಂದ ಗೌತಮ. ಅದನ್ನು ಹೇಳುವಾಗ ಕಣ್ಣು ಬೇರೆ ಕಡೆ ಇತ್ತು. ಯುವರಾಜ ಆಗ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಆ ಕಾರಿನಲ್ಲೂ ಹಿಂದಿನ ಗಾಲಿ ಹೊರಳುತ್ತಿದ್ದವು. ಮುಂದಿನವೂ ಹೊರಳುತ್ತವೆ, ಹಿಂದಿನವೂ ಸ್ವಲ್ಪ. ಇಳಕಲ್ಲಿನ ಇಕ್ಕಟ್ಟು ಓಣಿಯಲ್ಲಿ ನಿಧಾನ ಹೋಗುವಾಗ ಮುಂದಿನವು ಬಲಕ್ಕೆ ಹೋದರೆ ಹಿಂದಿನವು ಎಡಕ್ಕೆ. ಆಟೋ ತಿರುಗದ ಕಡೆ ಕಪ್ಪೆಗಾಡಿ ತಿರುಗಿಬಿಡುತ್ತಿತ್ತು. ಹೆದ್ದಾರಿಗೆ ಹೋಗಿ ವೇಗ ಹಿಡಿದ ಕೂಡಲೇ ಅದರ ಬುದ್ಧಿಯೇ ಬದಲು. ಅಲ್ಲಿ ಹಿಂದಿನ ಗಾಲಿಯೂ ಮುಂದಿನವು ಹೋದ ಕಡೆಗೇ ಚೂರು ಹೊರಳುತ್ತವೆ. ಆಗ ಬಾಲ ಬೀಸುವುದಿಲ್ಲ, ಇಡೀ ಗಾಡಿ ಒಂದೇ ಮೈಯಾಗಿ ಪಕ್ಕಕ್ಕೆ ಸರಿಯುತ್ತದೆ. ಓಣಿಯಲ್ಲಿ ಯುವರಾಜನಿಗೆ ಅದು ಗುರುತಿನ ಪ್ರಾಣಿ. ಹೆದ್ದಾರಿಯಲ್ಲಿ ಅಪರಿಚಿತ. ಕೈ ಮಾತ್ರ ಎರಡೂ ಕಡೆ ಬಾಲ ಬೀಸುವುದನ್ನೇ ಕಾಯುತ್ತಿತ್ತು.

ಸ್ಪ್ರಿಂಗಿನದೂ ಹಾಗೇ. ಹಾರ್ವೆಸ್ಟರಿಗೆ ಸ್ಪ್ರಿಂಗೇ ಇಲ್ಲ, ಹೆಂಟೆಯ ಏಟು ನೇರ ಬೆನ್ನೆಲುಬಿಗೆ. ಇದಕ್ಕೋ ಒಂದು ಗುಂಡಿ ಒತ್ತಿದರೆ ಮೆತ್ತಗೆ, ಮತ್ತೊಮ್ಮೆ ಒತ್ತಿದರೆ ಬಿಗಿ. ಮೆತ್ತಗಿಟ್ಟರೆ ತಿರುವಿನಲ್ಲಿ ಒಂದು ಮಗ್ಗುಲಿಗೆ ವಾಲುತ್ತದೆ. ಬಿಗಿ ಮಾಡಿದರೆ ಬಿಲ್ಲೆಯಂತೆ ಸಪಾಟು ನಿಲ್ಲುತ್ತದೆ, ಆದರೆ ರಸ್ತೆಯ ಒಂದೊಂದು ಹರಳೂ ಆಸನಕ್ಕೆ ಬಂದು ತನ್ನ ಹೆಸರು ಹೇಳುತ್ತದೆ. ಇನ್ನು ನಮ್ಮ ರಸ್ತೆಯ ಹಂಪುಗಳ ಕಥೆ ಕೇಳಬೇಡಿ. ಒಬ್ಬೊಬ್ಬರ ಮನೆಯ ಮುಂದೆ ಒಂದೊಂದು. ಅವನ್ನು ಓರೆಯಾಗಿ, ಒಂದೊಂದೇ ಗಾಲಿ ಹತ್ತಿಸಿ, ಬಸುರಿಯನ್ನು ಮೆಟ್ಟಿಲಿಳಿಸಿದ ಹಾಗೆ ದಾಟಿಸುತ್ತಿದ್ದ.

ಒಂದು ದಿನ ಹುನಗುಂದ ದಾಟಿ ಅಮೀನಗಡದ ಕಡೆ ಹೋಗುವಾಗ ಮುಂದಿನ ಲಾರಿಯನ್ನು ಹಿಂದೆ ಹಾಕಲು ಬಲಕ್ಕೆ ಎಳೆದ. ರಸ್ತೆಯಲ್ಲೊಂದು ತಗ್ಗು ಇತ್ತು. ಗಾಡಿಯ ಹಿಂಭಾಗ ಕುಸಿದು ಎದ್ದಿತು, ಎದ್ದದ್ದು ಪಕ್ಕಕ್ಕೆ ಜಾರಿತು. ಅವನು ತಡೆದ. ಅದು ಆ ಕಡೆ ಬಿತ್ತು. ಮತ್ತೆ ತಡೆದ, ಈ ಕಡೆ ಬಿತ್ತು. ಎಮ್ಮೆ ಸೊಂಟ ಬೀಸಿದ ಹಾಗೆ ಎರಡು ಸಲ ಬೀಸಿ ಆಮೇಲೆ ನೆಟ್ಟಗಾಯಿತು. ಗೌತಮ ಬಾಗಿಲ ಹಿಡಿಕೆ ಹಿಡಿದುಕೊಂಡವನು ಅಮೀನಗಡ ಬರುವ ತನಕ ಬಿಡಲಿಲ್ಲ.

“ಯುವರಾಜಣ್ಣ, ನಿನ್ನ ಕೈ ಇನ್ನೂ ಹಾರ್ವೆಸ್ಟರ ಮ್ಯಾಲ ಅದಾವೇನ?” ಎಂದ, ನಗುತ್ತಲೇ.

ನಗುತ್ತ ಅಂದದ್ದೇ ಒಳಗೆ ಹೊಕ್ಕಿತು. ಅಂದಿನಿಂದ ಹೆದ್ದಾರಿಯೆಂದರೆ ಯುವರಾಜನ ಅಂಗೈ ಬೆವರುತ್ತಿತ್ತು. ಮೆತ್ತಗೆ ಮಾಡಿ ನೋಡಿದ, ಬಿಗಿ ಮಾಡಿ ನೋಡಿದ. ಮೆತ್ತಗಿದ್ದರೆ ತಗ್ಗಿನಲ್ಲಿ ಕುಸಿದು ಓರೆಯಾಗುವುದು, ಬಿಗಿ ಇದ್ದರೆ ಜಿಗಿದು ಓರೆಯಾಗುವುದು. ಒಂದು ದಿನ ಬೀಸುತ್ತದೆ, ಮರುದಿನ ಅದೇ ಜಾಗದಲ್ಲಿ ಸಾಧುವಾಗಿ ಹೋಗುತ್ತದೆ. ಮನೆಗೆ ಬಂದರೂ ಕೈ ಸುಮ್ಮನಿರಲಿಲ್ಲ.

“ಮಾಮಾ, ತಾಟ ಯಾಕ ತಿರಗಸಾಕ ಹತ್ತಿ?” ಎಂದಳು ಕಸ್ತೂರಿ. “ರೊಟ್ಟಿ ಎಲ್ಲೂ ಓಡಿ ಹೋಗಂಗಿಲ್ಲ.”

ಅವನು ನೋಡಿದ. ಎರಡೂ ಕೈಯಿಂದ ತಾಟು ಹಿಡಿದು ಚೂರು ಬಲಕ್ಕೆ, ಚೂರು ಎಡಕ್ಕೆ ಹೊರಳಿಸುತ್ತಿದ್ದ.

“ಗಾಡಿ ಸುಮಾರ ಐತಿ.”

“ಗಾಡಿ ಸುಮಾರ ಐತೊ, ನೀ ಸುಮಾರ ಅದಿಯೊ?”

“ಅದ ತಿಳೀವಲ್ತು ನೋಡು.”

ಅವಳು ಅವನ ಕೈಚೀಲದ ಕಡೆ ಒಮ್ಮೆ ನೋಡಿದಳು. ಕರದಂಟು ಏನಾದರೂ ಬಂದಿದೆಯೋ ಎಂದು.

ಖರೆ ಹೇಳಬೇಕೆಂದರೆ ಅವನಿಗೆ ಕೇಳಲು ಹೆದರಿಕೆ. ಗಾಡಿ ಎತ್ತಿ ನೋಡಿಸಿ, ಅದರಲ್ಲಿ ಏನೂ ತಪ್ಪಿಲ್ಲ ಎಂದರೆ ತಪ್ಪು ಕೈಯದೇ. ಕೈಯದೆಂದರೆ ಕೆಲಸ ಹೋಯಿತು. ಕೆಲಸ ಹೋಯಿತೆಂದರೆ ಕಾಲು ಎಲ್ಲಿಗೆ ಹೋಗುತ್ತದೆಂದು ಅವನಿಗೇ ಗೊತ್ತಿತ್ತು, ಕಸ್ತೂರಿಗೂ ಗೊತ್ತಿತ್ತು. ಆದರೆ ಹೀಗೆ ಬೆವರುತ್ತ ಎಷ್ಟು ದಿನ ಹೋಗುವುದು. ಒಂದು ಮುಂಜಾನೆ ಗೌತಮನ ಮುಂದೆ ನಿಂತು ಹೇಳಿಯೇಬಿಟ್ಟ.

“ಸಾವ್ಕಾರ್ರ, ಗಾಡಿ ಒಮ್ಮೆ ಎತ್ತಿ ನೋಡಸ್ರಿ. ತಪ್ಪು ಗಾಡ್ಯಾಗ ಇಲ್ಲಂದ್ರ ನಾ ಕೀಲಿ ಕೊಟ್ಟು ಹೋಗ್ತೇನಿ.”

ಗೌತಮ ಇಷ್ಟು ಬೇಗ ಹೂಂ ಅನ್ನುತ್ತಾನೆಂದು ಅವನು ಅಂದುಕೊಂಡಿರಲಿಲ್ಲ.

ಹುಬ್ಬಳ್ಳಿಯಿಂದ ಅರ್ಷದ ಎಂಬ ಮೆಕ್ಯಾನಿಕ್ ಬಂದ. ಇಂಥ ಕಾರುಗಳನ್ನು ಕಲಿತವನು, ಸಣ್ಣ ವಯಸ್ಸು, ಮಾತು ಮೆಲ್ಲಗೆ. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಗಾಲಿ ನೇರ ಮಾಡುವ ಅಂಗಡಿಯೊಂದರಲ್ಲಿ ಕಪ್ಪೆಗಾಡಿಯನ್ನು ಮೇಲೆತ್ತಿದರು. ಅರ್ಷದ ಲ್ಯಾಪ್‌ಟಾಪ್ ಹಚ್ಚಿದ, ಅಳತೆ ಮಾಡಿದ, ಕೊನೆಗೆ ಉದ್ದನೆಯ ಕಬ್ಬಿಣದ ಸಲಾಕೆ ತೂರಿಸಿ ಎಡಗಡೆಯ ಹಿಂದಿನ ಗಾಲಿಯನ್ನು ಮೀಟಿದ. ಗಾಲಿ ಹಲ್ಲು ಅಲುಗಿದ ಹಾಗೆ ಅಲುಗಿತು.

“ಇಲ್ಲಿ ನೋಡ್ರಿ. ಗಾಲಿನ್ನ ಗಾಡಿಗೆ ಹಿಡದಿರೂ ತೋಳಿನ ತುದೀಗೆ ರಬ್ಬರ ಬುಷ್ ಇರ್ತೈತಿ. ಇದು ಹರದೈತಿ. ತಗ್ಗಿನ್ಯಾಗ ಸ್ಪ್ರಿಂಗ್ ಕುಸಿದಾಗ ಈ ಗಾಲಿ ತನ್ನಷ್ಟಕ್ಕ ತಾನ ಹೊರಳತೈತಿ. ಯಾರೂ ಹೇಳಿರಂಗಿಲ್ಲ, ಆದರೂ ಹೊರಳತೈತಿ. ನೀವು ಗಾಬರಿ ಆಗಿ ಸ್ಟೇರಿಂಗ್ ತಿರುವಿದ್ರ, ಒಳಗಿನ ಮೋಟಾರು ನೀವು ಹೇಳಿದ್ರಿ ಅಂತ ಹಿಂದಿನ ಗಾಲಿನೂ ತಿರುವತೈತಿ. ಒಂದ ಬಾಲ, ಮೂರು ಮಂದಿ ಹಿಡದ ಎಳದಂಗ.”

“ಅಂದ್ರ ತಪ್ಪು ಗಾಡೀದು?” ಎಂದ ಯುವರಾಜ.

“ಮೊದಲನೇ ಸಲ ಬೀಸಿದ್ದು ಗಾಡೀದು,” ಎಂದ ಅರ್ಷದ ನಗುತ್ತ. “ಎರಡನೇದು ನಿಮ್ಮದ, ಅಣ್ಣಾರ. ಭಾಳ ಜೋರ ತಡೀತೀರಿ.”

ಯುವರಾಜನೂ ನಕ್ಕ. ಅರ್ಧ ತಪ್ಪು ಹೊರಲು ಭಾರವಲ್ಲ. ಆದರೆ ಗೌತಮ ನಗಲಿಲ್ಲ. ಗೋಡೆಗೆ ಒರಗಿ ನಿಂತಿದ್ದ.

“ಕೊಂಡ ತಂದ ದಿನಾನ ನನಗ ಹಿಂಗ ಬೀಸಿತ್ತು,” ಎಂದ. “ನನಗ ಗಾಡಿ ಹೊಡ್ಯಾಕ ಬರಂಗಿಲ್ಲ ಅಂದಕೊಂಡೆ. ಅದಕ್ಕ ನಿನ್ನ ಕರದೆ, ಯುವರಾಜಣ್ಣ. ಸಪ್ಪಳ ಕೇಳಾಕಲ್ಲ.”

ಬುಷ್ ತರಿಸಲು ಕೆಲವು ದಿನ ಹಿಡಿಯಿತು. ಹೊಸದು ಹಾಕಿ, ಗಾಲಿ ನೇರ ಮಾಡಿ, ಹಿಂದಿನ ಗಾಲಿ ನೆಟ್ಟಗಿರುವ ಜಾಗ ಯಾವುದೆಂದು ಮೋಟಾರಿಗೆ ಮತ್ತೆ ಕಲಿಸಿ ಕೆಳಗಿಳಿಸಿದಾಗ ಗೌತಮ ಕೀಲಿಗಾಗಿ ಕೈ ಚಾಚಿದ. ಯುವರಾಜ ಎಡಗಡೆ ಕೂತ. ಬೈಪಾಸಿನ ತಗ್ಗಿನಲ್ಲಿ ಗಾಡಿ ಕುಸಿಯಿತು, ಎದ್ದಿತು, ನೂಲು ಹಿಡಿದ ಹಾಗೆ ಮುಂದೆ ಹೋಯಿತು. ಗೌತಮನ ಮುಖ ಮೊದಲ ಸಲ ಸೈಕಲ್ ಕಲಿತ ಹುಡುಗನದಾಗಿತ್ತು. ಯುವರಾಜನ ಕೈಗೆ ಹಿಡಿಯಲು ಏನೂ ಇರಲಿಲ್ಲ. ಕಾಲು ಕುಣಿಯತೊಡಗಿತು.

“ಇನ್ನ ಈ ಗಾಡಿ ನಾನ ಹೊಡೀತೇನಿ. ನಿನಗ ನಮ್ಮ ಕಲ್ಲಿನ ಕ್ವಾರಿ ಜೀಪ ಐತಿ, ಎಲ್ಲೂ ಹೋಗಬ್ಯಾಡ,” ಎಂದು ಹೇಳಿ ಗೌತಮ ಅವನನ್ನು ಬಾಗಲಕೋಟೆ ಬಸ್ ಸ್ಟ್ಯಾಂಡಿನಲ್ಲಿ ಇಳಿಸಿ, ಗೆಳೆಯನಿಗೆ ತೋರಿಸಲು ಬಾದಾಮಿಗೆ ಹಾರಿದ.

ಅದೇ ಹೊತ್ತಿಗೆ ಇಬ್ರಾಹಿಂಸಾಬರ ಫೋನು. ನವಲಗುಂದದ ಕಡೆ ಗೋದಿ ಕೊಯ್ಲಿಗೆ ಬಂದಿದೆ, ಡ್ರೈವರನ ಕಾಲು ಮುರಿದಿದೆ. “ಬರ್ತೀಯೇನಲೇ? ನಾಳೆ ಮಧ್ಯಾಹ್ನ ಗಾಡಿ ಬಿಡಬೇಕು.”

“ಬರ್ತೇನ್ರಿ, ಉಸ್ತಾದ್ರ,” ಎಂದಿತು ಬಾಯಿ, ಅವನನ್ನು ಕೇಳದೆ.

ಕ್ವಾರಿ ಜೀಪನ್ನು ನೆನೆಸಿದರೇ ಸೊಂಟ ಹಿಡಿದಂತಾಯಿತು. ಕಾಲು ತಾನಾಗಿ ಅಂಗಡಿಗೆ ನಡೆಯಿತು, ಕೈ ತಾನಾಗಿ ಒಂದು ಡಬ್ಬಿ ಕರದಂಟು ಕೊಂಡಿತು. ಇಳಕಲ್ಲಿಗೆ ಹೋಗುವ ಯಾರ ಕೈಯಲ್ಲಾದರೂ ಕಳಿಸಿದರಾಯಿತು, ಕ್ರಾಸಿನಿಂದ ಫೋನ್ ಮಾಡಿದರಾಯಿತು ಎಂದುಕೊಳ್ಳುತ್ತ ಕೆರೂರ ಬಸ್ಸು ಹತ್ತಿ ಕಿಟಕಿಗೆ ಕೂತುಬಿಟ್ಟ.

ಬಸ್ಸು ಹಿಂದಕ್ಕೆ ಬರಬೇಕಿತ್ತು. ಕಂಡಕ್ಟರು ಬಾಲದ ಹತ್ತಿರ ನಿಂತು ತಗಡು ಬಡಿಯುತ್ತ “ಬರ್ಲಿ, ಬರ್ಲಿ” ಎಂದ. ಡ್ರೈವರು ಕನ್ನಡಿಯಲ್ಲಿ ಹಿಂದೆಯೇ ನೋಡುತ್ತಿದ್ದ. ಹಿಂದಕ್ಕೆ ಬರುವ ಬಸ್ಸೆಂದರೆ ಹಾರ್ವೆಸ್ಟರೇ. ಹೊರಳುವ ಗಾಲಿ ಸಾಗುವ ದಿಕ್ಕಿಗೆ ಹಿಂದುಗಡೆ ಬೀಳುತ್ತವೆ, ಬಾಲದ ಬದಲು ಮೂತಿ ಬೀಸುತ್ತದೆ. ಮೂತಿಯ ಪಕ್ಕದಲ್ಲಿ ಒಬ್ಬ ಮುದುಕಿ ಬಾರೆಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂತದ್ದನ್ನು ಯುವರಾಜ ಕಂಡು ಬಸ್ಸಿನ ಮೈ ಬಡಿದ. ಅಷ್ಟರಲ್ಲಿ ಬುಟ್ಟಿ ಮಗುಚಿ ಹಣ್ಣು ಗಾಲಿಗೆ ಸಿಕ್ಕಿತು. ಮುದುಕಿ ಎದ್ದು ನಿಂತಳು.

“ಹೋಗೂ ಕಡೆ ಅಷ್ಟ ನೋಡ್ತೀರಲ್ಲೊ ತಮ್ಮಾ, ಇಲ್ಲಿ ಕುಂತಾರು ಮನಶ್ಯಾರಲ್ಲೇನು?”

ಡ್ರೈವರಿಗೆ ಅಂದ ಮಾತು. ಯುವರಾಜ ಬಸ್ಸಿನಿಂದ ಇಳಿದ. ಉಳಿದ ಹಣ್ಣು ಆರಿಸಿಕೊಟ್ಟ, ಕರದಂಟಿನ ಡಬ್ಬಿಯನ್ನು ಅವಳ ಬುಟ್ಟಿಯಲ್ಲಿಟ್ಟ. ಹಲ್ಲಿಲ್ಲದ ನನಗೆ ಇದನ್ನು ಕೊಡುತ್ತೀಯಲ್ಲೋ ಎಂದು ಅವಳು ಅದಕ್ಕೂ ಬೈದಳು. ಕೆರೂರ ಬಸ್ಸು ಹೋಯಿತು. ಅವನು ಇಳಕಲ್ಲ ಬಸ್ಸು ಹತ್ತಿದ.

ಮನೆಯಲ್ಲಿ ಕಸ್ತೂರಿ ಸೆರಗು ಹಿಡಿದು ಕೂತಿದ್ದಳು. ಅವನ ಮುಖ ನೋಡಿದಳು, ಆಮೇಲೆ ಕೈ ನೋಡಿದಳು.

“ಕರದಂಟು ಎಲ್ಲಿ?”

“ತಂದಿಲ್ಲ.”

“ಹಂಗಾರ ಖರೆ ಹೇಳಾಕ ಬಂದಿ. ಹೇಳು.”

ಅವನು ಹೇಳಿದ. ಗಾಡಿ ಸರಿಯಾದದ್ದು, ಜೀಪು, ಇಬ್ರಾಹಿಂಸಾಬರ ಫೋನು, ಕೆರೂರ ಬಸ್ಸು ಹತ್ತಿ ಇಳಿದದ್ದನ್ನೂ ಬಿಡಲಿಲ್ಲ. “ನನಗ ಒಂದ ಕಡೆ ನಿಲ್ಲಾಕ ಆಗವಲ್ತು, ಕಸ್ತೂರಿ. ಸುಗ್ಗಿಗೆ ಹೋಗಿ ಬರ್ತೇನಿ. ನೀ ಬ್ಯಾಡಂದ್ರ ಜೀಪ ಹೊಡೀತೇನಿ.”

ಅವಳ ಬೆರಳು ನಿಂತಿದ್ದವು. ಅದು ಅಪರೂಪ.

“ಹೋಗೂದು ನಾ ಎಂದ ಬ್ಯಾಡಂದೆ? ಬರೂದು ಎಂದು?”

“ಉಗಾದಿ ಅಮಾಸಿಗೆ. ಗೋದಿ ಉಳದ್ರೂ ಬರ್ತೇನಿ. ಆಮ್ಯಾಲ ಮುಂದಿನ ಸುಗ್ಗಿ ತನಾ ಜೀಪ. ಸಾವ್ಕಾರ್ರಿಗೂ ಹೇಳೇ ಹೋಗ್ತೇನಿ.”

“ಕೂಸಿಗೂ ನೀನ ಹೇಳು. ನಾ ಹೇಳಂಗಿಲ್ಲ.”

ಪ್ರಿಯದರ್ಶಿನಿ ಆಗಲೇ ಅವನ ಕಾಲಿನ ಮೇಲೆ ಹತ್ತಿ ಕೂತಿದ್ದಳು. ಅವನು ಅವಳಿಗೂ ಹೇಳಿದ, ಎಲ್ಲಿಗೆ, ಯಾಕೆ, ಯಾವ ಹಬ್ಬಕ್ಕೆ ವಾಪಸ್ಸು ಎಂದು. ಅವಳು ಪೂರ್ತಿ ಕೇಳಿದಳು, ಆಮೇಲೆ ತಾಯಿಯ ಕಡೆ ತಿರುಗಿದಳು.

“ಯವ್ವಾ, ಅಪ್ಪನ ಕಾಲ ನಿಂತೈತಿ.”

ಕಸ್ತೂರಿ ಸೆರಗು ಮಡಚಿಟ್ಟು ಎದ್ದಳು, ನಾಳೆ ಕಟ್ಟಿ ಕೊಡಬೇಕಾದ ರೊಟ್ಟಿಗೆ ಹಿಟ್ಟು ಎಷ್ಟಿದೆ ಎಂದು ನೋಡಲು.