ಐದನೆಯ ಬಾಗಿಲು

ಸವದತ್ತಿ ಎಲ್ಲಮ್ಮನನ್ನು ನಂಬಿದ ಎಲ್ಲರಿಗೂ ಸಾಲಹಳ್ಳಿಯ ಮಗಳೊಬ್ಬಳ ಶರಣು. ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಮಂಗಳವಾರ, ಶುಕ್ರವಾರ ಹರಕೆ ಹೊತ್ತವರು ಬಿದಿರು ಬುಟ್ಟಿಯ ಪಡಲಿಗೆ ಹಿಡಿದು ತಾಯಿಯ ಹೆಸರಿನಲ್ಲಿ ಐದು ಮನೆ ಜೋಗ ಬೇಡುತ್ತಾರಲ್ಲ, ಅವರು ನಮ್ಮ ಬಾಗಿಲಿಗೆ ಬಂದರೆ ನಾನು ಫೋನಿನಿಂದ ತಲೆ ಎತ್ತದೆ ಒಳಗಿನಿಂದಲೇ "ಮುಂದ ಹೋಗ್ರಿ" ಎನ್ನುತ್ತಿದ್ದೆ. ಅಜ್ಜಿ ನನ್ನನ್ನು ಬೈಯುತ್ತಲೇ ಜೋಳದ ಹಿಟ್ಟು ತೆಗೆದುಕೊಂಡು ಓಡುತ್ತಿದ್ದಳು.

ಕಳೆದ ಬೇಸಿಗೆಯ ಮಾತು. ರಾಮದುರ್ಗದ ಕಾಲೇಜಿನಲ್ಲಿ ಬಿ.ಎಸ್ಸಿ. ಎರಡನೆಯ ವರ್ಷ ಮುಗಿದಿತ್ತು. ರಜೆಯಲ್ಲಿ ಎಲ್ಲಿಯಾದರೂ ಆರು ವಾರ ಇಂಟರ್ನ್‌ಶಿಪ್ ಮಾಡಿ ಪ್ರಮಾಣಪತ್ರ ತರಬೇಕು, ತರದಿದ್ದರೆ ಕೊನೆಯ ವರ್ಷಕ್ಕೆ ಸೇರಿಸಿಕೊಳ್ಳುವುದಿಲ್ಲ ಎಂದರು. ಗೆಳತಿಯರಿಗೆ ಮಾವನೋ ಕಾಕಾನೋ ಒಬ್ಬರಿದ್ದರು, ಅವರಿಂದ ಒಂದು ಮಾತು ಹೇಳಿಸಿ ಸೇರಿದರು. ನನಗೆ ಯಾರೂ ಇರಲಿಲ್ಲ. ಬೆಳಗಾವಿ, ಹುಬ್ಬಳ್ಳಿಯ ಕಂಪನಿಗಳಿಗೆಲ್ಲ ಮೇಲ್ ಕಳಿಸಿದೆ. ಒಂದು ಉತ್ತರವೂ ಬರಲಿಲ್ಲ. ಬೇಡ ಎಂದಾದರೂ ಬರೆಯಬಾರದೇ ಎಂದು ಮೈಯೆಲ್ಲ ಉರಿಯುತ್ತಿತ್ತು. ಅಪ್ಪ ಮೆತ್ತಗೆ, "ಆಗಲಿಲ್ಲಂದ್ರ ಬಿಡವಾ. ಗೋಕಾಕದ ಕಡಿಂದ ಒಂದ್ ವರ ಬಂದೈತಿ. ಕಲ್ತದ್ದು ಸಾಕು" ಎಂದರು. ಅಪ್ಪ ಬೈದಿದ್ದರೆ ವಾದವಾದರೂ ಮಾಡುತ್ತಿದ್ದೆ.

ಇನ್ನು ಮೂರು ದಿನದೊಳಗೆ ಸೇರದಿದ್ದರೆ ಆರು ವಾರ ತುಂಬುವಂತಿರಲಿಲ್ಲ. ಆ ಸೋಮವಾರ ಸಂಜೆ ಅಡುಗೆಮನೆಯಲ್ಲಿ ಅಳುತ್ತ ಕುಳಿತಿದ್ದಾಗ ಅಜ್ಜಿ ಕೇಳಿದಳು, "ಮೇಲ್ ಅಂದ್ರ ಏನ?"

"ಫೋನಿನ್ಯಾಗ ಪತ್ರ ಬರ್ಯೂದಬೇ."

"ಅಂದ್ರ ಅವ್ರ ಬಾಗಲಕ ಹೋಗೇ ಇಲ್ಲೇನ? ಬೇಡೂದಿದ್ರ ಹೊಸ್ತಿಲ ಮುಂದ ನಿಂದ್ರಬೇಕು. ನಾಳೆ ಮಂಗಳವಾರ ಐತಿ. ನಿನ್ನ ಹೆಸರಲೆ ತಾಯಿಗೆ ಹರಕಿ ಹೊತ್ತೇನಿ. ಐದ ಮನಿ ಜೋಗ ಬೇಡಿ ಬಾ."

ಮರುದಿನ ಹಣೆಗೆ ಭಂಡಾರ ಹಚ್ಚಿ, ಪಡಲಿಗೆ ಕೈಗೆ ಕೊಟ್ಟು ಹೊರಗೆ ಕಳಿಸಿಯೇಬಿಟ್ಟಳು. ಮೊದಲನೆಯ ಮನೆಯ ಮುಂದೆ ನನಗೆ ದನಿಯೇ ಹೊರಡಲಿಲ್ಲ. ಆ ಮನೆಯಾಕೆ ತಾನಾಗಿ ನೋಡಿ, "ಅಯ್ಯ, ಕಾಲೇಜ ಹುಡುಗಿ!" ಎಂದು ನಕ್ಕು ಹಿಟ್ಟು ನೀಡಿದಳು. ಮೂರನೆಯ ಮನೆಯಲ್ಲಿ ನನ್ನದೇ ವಯಸ್ಸಿನ ಹುಡುಗಿ ಒಳಗಿನಿಂದಲೇ ಕೂಗಿದಳು, "ಮುಂದ ಹೋಗ್ರಿ." ನಾಚಿಕೆಯಿಂದ ಕಣ್ಣಲ್ಲಿ ನೀರು ಬಂತು. ಅವಳ ಮೇಲೆ ಸಿಟ್ಟಾಗಲು ನನಗೆ ಯಾವ ಹಕ್ಕಿತ್ತು? ಮುಂದಿನ ಮನೆಗೆ ಹೋದೆ. ಐದು ತುಂಬುವ ಹೊತ್ತಿಗೆ "ಎಲ್ಲವ್ವನ ಜೋಗ ನೀಡ್ರೆವ್ವಾ" ಎಂದು ತಲೆ ಎತ್ತಿ ಕೇಳುತ್ತಿದ್ದೆ.

ಬುಧವಾರ ಬೈಲಹೊಂಗಲಕ್ಕೆ ಹೋದೆ. ನನ್ನ ಪಟ್ಟಿಯಲ್ಲಿದ್ದದ್ದು ನಾಲ್ಕೇ ಜಾಗ. ರಕ್ತ ಪರೀಕ್ಷೆ ಮಾಡುವಲ್ಲಿ ಜಾಗವಿಲ್ಲ ಎಂದರು. ನೀರು ಪರೀಕ್ಷೆಯವರು ಮುಂದಿನ ವರ್ಷ ಬಾ ಎಂದರು. ಮಣ್ಣು ಪರೀಕ್ಷೆಯ ಲ್ಯಾಬಿಗೆ ಬೀಗ. ನಾಲ್ಕನೆಯದರಲ್ಲಿ ಕಾವಲುಗಾರ ಗೇಟೇ ತೆರೆಯಲಿಲ್ಲ. ಬಿಸಿಲಿಗೆ ತಲೆ ಸಿಡಿಯುತ್ತಿತ್ತು. ತಾಯೀ, ನನ್ನ ಪೊಗರು ಇಳಿಸಿದ್ದು ಸಾಲದೇನು ಎಂದು ಬಸ್ಸಿನಲ್ಲಿ ಕುಳಿತು ಜಗಳವಾಡಿದೆ.

ಸವದತ್ತಿ ಸಮೀಪಿಸಿದಾಗ ರಸ್ತೆ ಪಕ್ಕದ ಅಂಗಳವೊಂದರಲ್ಲಿ ಹೆಂಗಸರು ಹಾಲಿನ ಕ್ಯಾನು ತೊಳೆಯುತ್ತಿದ್ದುದು ಕಿಟಕಿಯಿಂದ ಕಂಡಿತು. ಹಾಲಿನ ಡೇರಿ. ಅಂದರೆ ಒಳಗೆ ಲ್ಯಾಬ್ ಇರಲೇಬೇಕು. ನಾಲ್ಕು ಬಾಗಿಲಾಗಿತ್ತು, ಐದನೆಯದು ಆಗಿರಲಿಲ್ಲ. ಥಟ್ಟನೆ ಎದ್ದೆ.

"ಸ್ಟ್ಯಾಂಡ್ ಇನ್ನೂ ಮುಂದೈತಿ ತಂಗಿ," ಎಂದರು ಕಂಡಕ್ಟರ್.

"ಇಲ್ಲೇ ಇಳೀತೇನ್ರಿ ಅಣ್ಣಾರ."

ಬಾಗಿಲಲ್ಲಿ ವಯಸ್ಸಾದ ಮ್ಯಾನೇಜರ್ ನಿಂತಿದ್ದರು. "ಬಿ.ಎಸ್ಸಿ. ಓದತೇನ್ರಿ ಸರ್. ಆರು ವಾರ ಕೆಲಸ ಕಲಿಯಾಕ ಬಂದೇನಿ. ಪಗಾರ ಬ್ಯಾಡ್ರಿ," ಎಂದೆ.

"ಯಾರ್ ಕಳ್ಸ್ಯಾರ?"

ಹೇಳಲು ಯಾವ ಮಾವನ ಹೆಸರೂ ಇರಲಿಲ್ಲ. "ಎಲ್ಲವ್ವ ಕಳ್ಸ್ಯಾಳ್ರಿ," ಎಂದುಬಿಟ್ಟೆ. ಕ್ಯಾನು ತೊಳೆಯುತ್ತಿದ್ದವರು ನಕ್ಕರು. ಮ್ಯಾನೇಜರ್ ನಗಲಿಲ್ಲ.

"ಹಾಲು ಪರೀಕ್ಷೆ ಮಾಡೂ ಹುಡುಗಿ ನಿನ್ನೆ ಬಾಣಂತನಕ್ಕ ತವರಿಗೆ ಹೋದ್ಲು. ಒಬ್ಬಾವ ಹೆಂಗ್ ಮಾಡ್ಲಿ ಅಂತ ತಾಯಿ ಗುಡ್ಡದ ಕಡೆ ನೋಡ್ಕೋತ ನಿಂತಿದ್ದೆ. ನಾಳೆಯಿಂದ ಬಾರವಾ."

ನಿನ್ನೆ ಎಂದರೆ ಮಂಗಳವಾರ, ನಾನು ಪಡಲಿಗೆ ಹಿಡಿದ ದಿನ. ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಅತ್ತುಬಿಟ್ಟೆ. ಗೆಳತಿಯರು ಇದನ್ನು ಕಾಕತಾಳೀಯ ಎನ್ನುತ್ತಾರೆ. ಎನ್ನಲಿ. ಆ ಬಾಗಿಲು ನನ್ನ ಪಟ್ಟಿಯಲ್ಲಿ ಇರಲಿಲ್ಲ, ತಾಯಿಯ ಪಟ್ಟಿಯಲ್ಲಿತ್ತು.

ಆರು ವಾರ ಹಾಲಿನ ಕೊಬ್ಬು ಅಳೆದು, ಪ್ರಮಾಣಪತ್ರ ಪಡೆದು, ಅಜ್ಜಿಯೊಂದಿಗೆ ಗುಡ್ಡ ಹತ್ತಿ ಹರಕೆ ತೀರಿಸಿದೆ. ಈಗ ಕೊನೆಯ ವರ್ಷದಲ್ಲಿದ್ದೇನೆ. ಅಪ್ಪ ವರನ ಮಾತೆತ್ತುತ್ತಿಲ್ಲ.

ಹೋದ ಮಂಗಳವಾರ ಓದುತ್ತ ಕುಳಿತಿದ್ದೆ. ಬಾಗಿಲಲ್ಲಿ ಯಾರೋ ಬಂದು ನಿಂತಂತಾಯಿತು, ಆದರೆ ದನಿಯಿಲ್ಲ. ಎದ್ದು ನೋಡಿದೆ. ಆ ಮೂರನೆಯ ಮನೆಯ ಹುಡುಗಿ. ಹಣೆಯಲ್ಲಿ ಭಂಡಾರ, ಕೈಯಲ್ಲಿ ಪಡಲಿಗೆ, ಮುಖ ನೆಲಕ್ಕೆ. ಏನು ಕಷ್ಟವೋ ನಾನು ಕೇಳಲಿಲ್ಲ. ಅವಳು ಬಾಯಿ ತೆರೆಯುವ ಮೊದಲೇ ಒಳಗೆ ಓಡಿ, ಎರಡೂ ಕೈ ತುಂಬ ಹಿಟ್ಟು ತಂದು ನೀಡಿದೆ.