ಬಟ್ಟಲ ತಳದಲ್ಲಿ ಅಜ್ಜಿಯ ಹೆಸರು

ಫ್ರೆಂಡ್ಸ್, ಇವತ್ತು ಒಂದು ಬಟ್ಟಲು ನಮ್ಮ ಊಟಿ ಹನಿಮೂನನ್ನೇ ನುಂಗಿಬಿಟ್ಟಿತು! ನಮ್ಮನ್ನು ಕಳಿಸಲೆಂದು ನನ್ನವರ ಅಜ್ಜಿ, ತವರಿನಿಂದ ತಂದಿದ್ದ ನೀಲಿ ಹೂವಿನ ಹಳೇ ಚೀನಾ ಪಿಂಗಾಣಿ ಬಟ್ಟಲನ್ನು ಮಾರಲು ಹೊರಟಿದ್ದರು. ಮನೆಗೆ ಬಂದ ವ್ಯಾಪಾರಿ ಅದನ್ನು ಮಗುಚಿ ನೋಡಿ ಹಣೆ ಚಚ್ಚಿಕೊಂಡ.

"ಏನಜ್ಜಿ ಇದು! ಚೀನಾದೋರ ಮುದ್ರೆ ಮೇಲೇ ನಿಮ್ಮೆಸ್ರು ಕೆತ್ಸೀರಲ್ರೀ! ಅಸಲಿ ಅಂತ ಹೆಂಗೆ ನಂಬ್ಸಲಿ?"

"ಹೆಸ್ರಿಲ್ದಿದ್ರೆ ಮದ್ವೆ ಮನೇಲಿ ಅದಲು ಬದಲಾಗ್ತಿರ್ಲಿಲ್ವೇನಪ್ಪ?"

ಅವನು ಬಟ್ಟಲು ಬಿಟ್ಟು ಹೋದ. ಅಜ್ಜಿ ಕಣ್ಣು ತುಂಬಿಕೊಂಡು, "ನಿಮ್ಮ ಊಟಿ ಕೆಡಿಸ್ದೆ ಕಣವ್ವ" ಎಂದರು. ನಾನು ಅವರನ್ನು ಗಟ್ಟಿಯಾಗಿ ಅಪ್ಪಿಕೊಂಡು, "ಪಕ್ಕದಲ್ಲಿ ನನ್ನ ಹೆಸರನ್ನೂ ಕೆತ್ತಿಸಿಕೊಡಿ ಅಜ್ಜಿ" ಎಂದೆ.

ಭಾನುವಾರ ನಮ್ಮೂರ ಪಕ್ಕದ ಜೋಗಿಮಟ್ಟಿ ಬೆಟ್ಟದಲ್ಲೇ ನಮ್ಮ ಹನಿಮೂನ್. ಅಜ್ಜಿಯೂ ಬರುತ್ತಾರಂತೆ!